ಹಿಂದಿನ ಗಂಟು, ಮುಂದಿನ ಚಕ್ರ

ಬನಹಟ್ಟಿಯ ಸೀರೆಗಂಟನ್ನು ಹಿಂದೆ ಬಿಗಿದು ಜಮಖಂಡಿಗೆ ಹೊರಟ ಮೋಟಾರ್ ಸೈಕಲ್ಲು ತಿರುವಿನಲ್ಲಿ ತಲೆಯಾಡಿಸಿದರೆ ಸವಾರನು ರಸ್ತೆಯನ್ನು ಶಪಿಸುತ್ತಾನೆ. ಎರೆನೆಲದ ರಸ್ತೆಗಳನ್ನು ಕಬ್ಬಿನ ಟ್ರ್ಯಾಕ್ಟರುಗಳು ಕೆಡಿಸುವುದು ನಿಜವೇ. ಆದರೆ ದೋಷವೆಲ್ಲ ರಸ್ತೆಯದಲ್ಲ.

ಓರೆಯಾದ ಫೋರ್ಕಿನ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದೆವೆನ್ನಿ. ಮುಂದಿನ ಚಕ್ರವು ಆ ಬಿಂದುವಿಗಿಂತ ತುಸು ಹಿಂದೆ ನೆಲವನ್ನು ಮುಟ್ಟುತ್ತದೆ. ಆದುದರಿಂದಲೇ ಗುಂಡಿಯು ಪಕ್ಕಕ್ಕೆ ನೂಕಿದ ಚಕ್ರವನ್ನು ನೆಲದ ಹಿಡಿತವು ಮರಳಿ ನೇರಕ್ಕೆಳೆಯುತ್ತದೆ. ಹಿಂದಿನ ಅಚ್ಚಿನಿಂದಾಚೆಗೆ ಚಾಚಿದ ಹೊರೆಯು ಮುಂದಿನ ಚಕ್ರದ ಮೇಲಣ ಭಾರವನ್ನು ತಗ್ಗಿಸುವುದರಿಂದ ಆ ಹಿಡಿತವೇ ಸಡಿಲುತ್ತದೆ.

ಗಡುಸಾದ ಸ್ಪ್ರಿಂಗು ಹಾಕಿಸುವುದು ನನ್ನ ಮತದಲ್ಲಿ ದುಡ್ಡು ಕೊಟ್ಟು ಅಪಾಯವನ್ನು ಕೊಂಡಂತೆ. ಕುಪ್ಪಳಿಸುವ ಚಕ್ರಕ್ಕೆ ನೆಲವೇ ಸಿಕ್ಕದು. ಗಂಟನ್ನು ಎರಡಾಗಿಸಿ, ಆಸನದ ಸಮೀಪದಲ್ಲಿ ಇಬ್ಬದಿಗೂ ತಗ್ಗಾಗಿ ಕಟ್ಟಬೇಕು. ಟೈರಿನ ಗಾಳಿಯನ್ನು ಅಳೆಯಿಸಬೇಕು. ಮುಂದಿನ ಚಕ್ರವನ್ನೆತ್ತಿ ಫೋರ್ಕನ್ನು ಹಿಂದುಮುಂದಕ್ಕೆ ಜಗ್ಗಿದಾಗ ಟಕ್ಕೆಂದರೆ ಹ್ಯಾಂಡಲ್ಲಿನ ಬುಡದ ಬೇರಿಂಗು ಸಡಿಲಾಗಿರಬಹುದು. ಅದನ್ನು ಸರಿಪಡಿಸದೆ ಬೀಳಗಿಯ ದಾರಿ ಹಿಡಿಯತಕ್ಕದ್ದಲ್ಲ.