ನೊಂದ ನಾಡಿಗೆ ಗಿರಾಕಿಯಾಗಿ ಹೋಗೋಣ

ನಮ್ಮ ಸಂಘದ ಕೆಲವು ತರುಣರು ಈ ಸಲದ ರಜೆಯಲ್ಲಿ ಬೆನ್ನಿಗೆ ಚೀಲ ಏರಿಸಿ, ನೇಪಾಳದ ಲಾಂಗ್‌ಟಾಂಗ್ ಕಣಿವೆಯಲ್ಲಿ ಕಾಲ್ನಡಿಗೆಯ ಪ್ರವಾಸ ಮಾಡಬೇಕೆಂದಿದ್ದಾರೆ. ಹಿರಿಯರಲ್ಲಿ ಕೆಲವರಿಗೆ ಇದು ಸರಿಬಂದಿಲ್ಲ. “ಹೆಣ ಬಿದ್ದ ಊರನ್ನು ನೋಡಲು ಹೋಗುವುದೂ ಒಂದು ಮೋಜೇ?” ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಇದಕ್ಕೆ ಉತ್ತರವನ್ನು ನಾವು ಹೊಟೇಲು, ಗಿರಣಿಗಳಲ್ಲಿ ದುಡಿದ ನಮ್ಮ ಅನುಭವದಿಂದಲೇ ಹುಡುಕಬೇಕಾಗಿದೆ.

ಮೊದಲು ನಡೆದ ಸಂಗತಿಯನ್ನು ನೆನೆಯೋಣ. 2015ರ ಏಪ್ರಿಲ್ 25, ಶನಿವಾರ. ಮಧ್ಯಾಹ್ನ 12 ಗಂಟೆಗೆ ಇನ್ನೂ 4 ನಿಮಿಷವಿರುವಾಗ ನೇಪಾಳದ ನೆಲ ನಡುಗಿತು. ಕಂಪನದ ಪ್ರಮಾಣ 7.8. ಮೇ 12ರಂದು 7.3 ಪ್ರಮಾಣದ ಮತ್ತೊಂದು ಹೊಡೆತ ಬಿತ್ತು. ಎರಡರಿಂದಲೂ ಸುಮಾರು 9,000 ಜನ ಮಡಿದರು. ಸುಮಾರು 5 ಲಕ್ಷ ಮನೆಗಳು ನೆಲಸಮವಾದವು. ಲಾಂಗ್‌ಟಾಂಗ್ ಹಳ್ಳಿಯ ಮೇಲಂತೂ ಬೆಟ್ಟದ ತುದಿಯ ಹಿಮ, ಮಂಜುಗಡ್ಡೆ, ಬಂಡೆ ಎಲ್ಲವೂ ಒಮ್ಮೆಲೇ ಕುಸಿದು ಬಿದ್ದವು. ಅದರ ಗಾಳಿಯ ರಭಸಕ್ಕೆ ಎದುರು ದಡದ ಮರಗಳೂ ಮಲಗಿಬಿಟ್ಟವು. ಊರಿನವರು, ದೂರದಿಂದ ಬಂದ ಪ್ರವಾಸಿಗರು, ಅವರ ಹೊರೆ ಹೊತ್ತವರು ಸೇರಿ 300ಕ್ಕೂ ಹೆಚ್ಚು ಜನ ಆ ಕಣಿವೆಯಲ್ಲಿ ತೀರಿಕೊಂಡರು. ಹಳ್ಳಿಯಲ್ಲಿ ಉಳಿದದ್ದು ಬಂಡೆಯ ಮರೆಯಲ್ಲಿದ್ದ ಒಂದೇ ಒಂದು ಮನೆ. ಬದುಕಿದವರನ್ನು ಹೆಲಿಕಾಪ್ಟರುಗಳಲ್ಲಿ ಕಾಠ್ಮಂಡುವಿಗೆ ಇಳಿಸಲಾಯಿತು. ಅಲ್ಲಿ ಒಂದು ಬೌದ್ಧ ಮಠದ ಅಂಗಳದಲ್ಲಿ ಅವರು ತಿಂಗಳುಗಟ್ಟಲೆ ಡೇರೆಗಳಲ್ಲಿ ಕಾಲ ಹಾಕಿದರು.

ಇಷ್ಟಾದರೂ ಆ ಜನ ಮರಳಿ ಬೆಟ್ಟ ಹತ್ತಿದರು. ಹೂತುಹೋದ ಊರಿನಿಂದ ಸ್ವಲ್ಪ ಮೇಲೆ ಹೊಸ ಊರು ಕಟ್ಟಿದರು. ಕಲ್ಲು ಸರಿಸಿ ದಾರಿ ಮಾಡಿದರು. ಮರುವರ್ಷದಿಂದ ಪ್ರವಾಸಿಗರ ವಸತಿಗೃಹಗಳು ಒಂದೊಂದಾಗಿ ಬಾಗಿಲು ತೆರೆದವು. ಮನೆ ಕಳೆದುಕೊಂಡವರಿಗೆ ಸರಕಾರ ಕೊಟ್ಟ ನೆರವು ನೇಪಾಳಿ ಹಣದಲ್ಲಿ 3 ಲಕ್ಷ ರೂಪಾಯಿ, ಅದೂ ಕಂತುಗಳಲ್ಲಿ. ನಮ್ಮ ಲೆಕ್ಕದಲ್ಲಿ ಅದು 1 ಲಕ್ಷ 87 ಸಾವಿರದಷ್ಟು. ಸಿಮೆಂಟು, ತಗಡು, ಮೊಳೆ ಎಲ್ಲವನ್ನೂ ಬೆನ್ನ ಮೇಲೆ ಇಲ್ಲವೇ ಹೇಸರಗತ್ತೆಯ ಮೇಲೆ ಸಾಗಿಸಬೇಕಾದ ಕಡೆ ಆ ಹಣ ಎಲ್ಲಿಯವರೆಗೆ ಬಂದೀತು? ಉಳಿದದ್ದು ಸಾಲ. ಸಾಲ ತೀರಬೇಕಾದರೆ ಗಿರಾಕಿ ಬರಬೇಕು.

ಗಿರಾಕಿ ಬಾರದಿದ್ದರೆ ಏನಾಗುತ್ತದೆಂಬುದನ್ನು ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಮೇಜು ಖಾಲಿಯಾದರೆ ಮೊದಲು ಮನೆಗೆ ಹೋಗುವವನು ಲೋಟ ತೊಳೆಯುವ ಹುಡುಗ, ಅವನ ಹಿಂದೆ ಮಾಣಿ, ಕೊನೆಗೆ ಭಟ್ಟರು. ಗಲ್ಲೆಯ ಮೇಲೆ ಕುಳಿತವರಿಗೆ ಬಿಸಿ ತಟ್ಟುವುದು ಎಲ್ಲರಿಗಿಂತ ತಡವಾಗಿ. 1982ರ ಮುಷ್ಕರದ ಮೇಲೆ ಮುಂಬಯಿಯ ಗಿರಣಿಗಳ ಬಾಗಿಲು ಒಂದೊಂದಾಗಿ ಮುಚ್ಚಿದಾಗ ಗಿರಣಿಗಳ ಜತೆಗೆ ಅವುಗಳ ಎದುರಿನ ಖಾನಾವಳಿಗಳೂ ಸೊರಗಿದ್ದನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. ನೇಪಾಳದಲ್ಲೂ ಹೀಗೆಯೇ ಆಯಿತು. 2014ರಲ್ಲಿ ಆ ದೇಶಕ್ಕೆ ಸುಮಾರು 7 ಲಕ್ಷ 90 ಸಾವಿರ ವಿದೇಶಿ ಪ್ರವಾಸಿಗರು ಬಂದಿದ್ದರು. 2015ರಲ್ಲಿ ಬಂದವರು ಸುಮಾರು 5 ಲಕ್ಷ 39 ಸಾವಿರ. ಭೂಕಂಪ ತಟ್ಟದ ಜಿಲ್ಲೆಗಳಿಗೂ ಜನ ಹೋಗಲಿಲ್ಲ. ಭೂಕಂಪ ಬಿಟ್ಟ ಮನೆಗಳನ್ನು ಭಯ ಬಿಡಲಿಲ್ಲ.

ನಮ್ಮ ಕೊಡಗಿನಲ್ಲಿಯೂ ಕಂಡದ್ದು ಇದನ್ನೇ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ ಪ್ರವಾಸಿಗರನ್ನು ಕೆಲಕಾಲ ತಡೆದದ್ದು ನ್ಯಾಯವಾಗಿತ್ತು. ಆದರೆ ತಡೆ ತೆಗೆದ ಮೇಲೂ ಜನ ಹಿಂಜರಿದಾಗ ಹೋಂಸ್ಟೇ ನಡೆಸುವವರೂ ಜೀಪು ಓಡಿಸುವವರೂ ಎರಡನೆಯ ಪೆಟ್ಟು ತಿಂದರು.

ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ. ಹೆಣ ಎತ್ತುವ ಹೊತ್ತಿನಲ್ಲಿ ನೋಡುಗರಾಗಿ ಹೋಗಕೂಡದು. ಆಗ ರಸ್ತೆ ಬೇಕಾದದ್ದು ಅಕ್ಕಿಯ ಲಾರಿಗೆ, ಹಾಸಿಗೆ ಬೇಕಾದದ್ದು ಗಾಯಗೊಂಡವರಿಗೆ. ಆಗ ನಮ್ಮ ಕೆಲಸ ಹಣ ಕೂಡಿಸಿ ಕಳಿಸುವುದು. ಆದರೆ ಆ ಊರಿನವರೇ ಒಲೆ ಹಚ್ಚಿ, ಬಾಗಿಲು ತೆರೆದು, “ಬನ್ನಿ” ಎಂದ ಮೇಲೆ ಹೋಗದಿರುವುದು ದಯೆಯಲ್ಲ. ಅದು ಅವರ ಅನ್ನ ಕಸಿಯುವ ಕೆಲಸ.

ಹೋಗುವ ರೀತಿ ಮಾತ್ರ ಮುಖ್ಯ. ಸ್ಯಾಫ್ರುಬೇಸಿಯಿಂದ ಕ್ಯಾಂಜಿನ್ ಗೊಂಪಾದವರೆಗಿನ ದಾರಿಯಲ್ಲಿ ಮಲಗುವ ಕೋಣೆಗೆ ಬಾಡಿಗೆ ಅಲ್ಪ. ಮಲಗಿದ ಮನೆಯಲ್ಲೇ ಉಣ್ಣಬೇಕೆಂಬುದು ಅಲ್ಲಿಯ ರೂಢಿ, ಏಕೆಂದರೆ ಗಳಿಕೆ ಇರುವುದು ಊಟದಲ್ಲಿ. ಚೀಲದಲ್ಲಿ ಅವಲಕ್ಕಿ ತುಂಬಿಕೊಂಡು ಹೋಗಿ, ಬಿಟ್ಟಿ ಬಿಸಿನೀರು ಕೇಳಿ ಹೊರಡುವವನು ಗಿರಾಕಿಯಲ್ಲ. ಮೇಲೆ ಹೋದಂತೆ ಚಹಾದ ಬೆಲೆಯೂ ಏರುತ್ತದೆ. ಕ್ಯಾಂಜಿನ್ ಇರುವುದು 12,500 ಅಡಿಗೂ ಮೇಲೆ. ಸಕ್ಕರೆ ಅಲ್ಲಿಗೆ ಮನುಷ್ಯನ ಬೆವರಿನಲ್ಲಿ ಹೋಗುತ್ತದೆ. ಚೌಕಾಸಿ ಬೇಡ. ನಮ್ಮ ಮೇಜಿನ ಮುಂದೆ ಚಹಾದ ಬೆಲೆಗೆ ಜಗಳ ತೆಗೆಯುವವರನ್ನು ನಾವು ದಿನವೂ ಕಾಣುತ್ತೇವೆ. ಅಲ್ಲಿ ಹೋಗಿ ನಾವೇ ಅಂಥವರಾಗಬಾರದು.

ಹೊರೆಯಾಳನ್ನು ಗೊತ್ತುಮಾಡಿದರೆ ಕೂಲಿಯನ್ನು ಮುಂಚಿತವಾಗಿ ಮಾತನಾಡಿ, ಪೂರ್ತಿ ಅವನ ಕೈಗೇ ಕೊಡಿ. ಹಣೆಗೆ ಪಟ್ಟಿ ಕಟ್ಟಿ ಬೆನ್ನಿನ ಮೇಲೆ ಹೊರುವ ಆತನಿಗೆ 30 ಕಿಲೋಗ್ರಾಂ ಮೀರಿ ಹೊರಿಸಬೇಡಿ. ಕಾಲಿಗೆ ಜೋಡು, ಮೈಗೆ ಬೆಚ್ಚನೆಯ ಬಟ್ಟೆ, ಅಪಘಾತಕ್ಕೆ ವಿಮೆ ಇವೆಯೇ ಎಂದು ವಿಚಾರಿಸಿ. ಎತ್ತರದ ಕಾಯಿಲೆ ಪ್ರವಾಸಿಗನಿಗೆ ಬರುವಂತೆ ಅವನಿಗೂ ಬರುತ್ತದೆ. ಅವನೂ ಎಷ್ಟೋ ಸಲ ತಗ್ಗಿನ ಊರಿನವನೇ. ತಲೆಸಿಡಿತ, ವಾಂತಿ ಕಂಡರೆ ಒಬ್ಬನನ್ನೇ ಹಿಂದಕ್ಕೆ ಕಳಿಸದೆ ಜತೆಗಾರನನ್ನು ಕೊಟ್ಟು ಕೆಳಗೆ ಇಳಿಸಬೇಕು.

ದಾರಿ ಹಳೆಯ ಊರಿನ ಮೇಲೆಯೇ ಹಾದುಹೋಗುತ್ತದೆ. ಆ ಕಲ್ಲುರಾಶಿಯ ಕೆಳಗೆ ಸಿಗದೇ ಉಳಿದ ದೇಹಗಳಿವೆ. ಅಲ್ಲಿ ಕೂಗಾಟ, ಹಾಡು, ನಗುನಗುತ್ತ ತೆಗೆಯುವ ಫೋಟೋ ಬೇಡ. ಮಂತ್ರ ಕೆತ್ತಿದ ಮಣಿಗೋಡೆಗಳನ್ನು ನಮ್ಮ ದೇವರ ಪ್ರದಕ್ಷಿಣೆಯಂತೆ ಬಲಕ್ಕೆ ಬಿಟ್ಟು ನಡೆಯಿರಿ. 2015ರಲ್ಲಿ ಭಾರತದ ಕೆಲವು ಟಿ.ವಿ. ವಾಹಿನಿಗಳು ನಡೆದುಕೊಂಡ ರೀತಿಗೆ ನೇಪಾಳದ ಜನ ಬಹಿರಂಗವಾಗಿ ಸಿಟ್ಟಾಗಿದ್ದರು. ದುಃಖದಲ್ಲಿರುವವರ ಬಾಯಿಗೆ ಮೈಕು ಹಿಡಿಯಬಾರದು. ಅವರಾಗಿ ಹೇಳಿದರೆ ಕೇಳಬೇಕು.

2025ರ ಜುಲೈ 8ರಂದು ಅದೇ ರಸುವಾ ಜಿಲ್ಲೆಯಲ್ಲಿ ಭೋಟೆಕೋಶಿ ನದಿ ಉಕ್ಕಿ, ಚೀನದ ಗಡಿಯ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಆದುದರಿಂದ ಹೊರಡುವ ಮೊದಲು ದಾರಿಯ ಸ್ಥಿತಿಯನ್ನೂ ಪರವಾನಗಿಯ ನಿಯಮಗಳನ್ನೂ ವಿಚಾರಿಸಿಕೊಳ್ಳಿ. ಭಾರತೀಯರಿಗೆ ವೀಸಾ ಬೇಡವಾದರೂ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತುಚೀಟಿ ಕೈಯಲ್ಲಿರಲಿ.

ಇನ್ನೊಂದು ಮಾತು. ರೈಲು ಹತ್ತಲು ರಜೆಯೂ ಹಣವೂ ಇಲ್ಲದವರೇ ನಮ್ಮಲ್ಲಿ ಹೆಚ್ಚು. ಅವರಿಗೆ ನೇಪಾಳ ದೂರವಿಲ್ಲ. ನಮ್ಮ ಅಡಿಗೆಮನೆಯ ತೊಟ್ಟಿಯ ಬಳಿ ಪಾತ್ರೆ ತೊಳೆಯುತ್ತ, ರಾತ್ರಿ ಬಾಗಿಲು ಕಾಯುತ್ತ ಅದು ನಿಂತಿದೆ. ಭೂಕಂಪದ ವರ್ಷ ಹೊರದೇಶಗಳಲ್ಲಿ ದುಡಿಯುವವರು ಮನೆಗೆ ಕಳಿಸಿದ ಹಣವು ನೇಪಾಳದ ಒಟ್ಟು ಉತ್ಪನ್ನದ ಕಾಲುಭಾಗಕ್ಕಿಂತ ಹೆಚ್ಚಿತ್ತು. ಮುರಿದ ಗೋಡೆಗಳಲ್ಲಿ ಎಷ್ಟೋ ಎದ್ದದ್ದು ಈ ಸಂಬಳದಿಂದ. ಆದರೂ ಅವನನ್ನು ನಾವು “ಬಹಾದ್ದೂರ್” ಎಂದು ಕೂಗುತ್ತೇವೆ. ಅವನ ನಿಜವಾದ ಹೆಸರು ಕೇಳಿದವರೆಷ್ಟು ಜನ? ನಮ್ಮನ್ನು ಈ ಊರು “ಮದ್ರಾಸಿ” ಎಂದು ಕರೆದಾಗ ನಮಗೆ ಹೇಗಾಗಿತ್ತು?

ಅವನ ಊರಿನಲ್ಲಿ ನೆಲ ನಡುಗಿದ ದಿನ ಅವನಿಗೆ ರಜೆ ಸಿಗಬೇಕು, ಸಂಬಳ ಮುರಿಯಬಾರದು, ಹಿಂತಿರುಗಿದಾಗ ಕೆಲಸ ಇರಬೇಕು. ನಮಗಾಗಿ ನಾವು ಕೇಳುವುದೂ ಇದನ್ನೇ ಅಲ್ಲವೇ? ಒಂದೇ ಒಲೆಯ ಮುಂದೆ ಬೇಯುವವರಲ್ಲಿ ಒಬ್ಬನಿಗೆ ಸಂಘ, ಇನ್ನೊಬ್ಬನಿಗೆ ಬೀದಿ ಎಂದಾದರೆ ಮಾಲಿಕನು ಇಬ್ಬರ ಕೂಲಿಯನ್ನೂ ಇಳಿಸುವನು.

ತರುಣರು ಹೋಗಿಬರಲಿ; ಅವರ ದಾರಿ ಸುಖವಾಗಲಿ. ಹೊರಡುವ ಮುನ್ನ ತಂತಮ್ಮ ಹೊಟೇಲಿನ ನೇಪಾಳಿ ಗೆಳೆಯನ ಹೆಸರನ್ನು ನಮ್ಮ ಸದಸ್ಯತ್ವದ ಪಟ್ಟಿಯಲ್ಲಿ ಬರೆಯಿಸಿ ಹೋಗಲಿ.