ದುಬೈಗೆ ದೂರ ಕಡಿಮೆ, ಸರಕಿಗೆ ಸುತ್ತು ಹೆಚ್ಚು

ಮಂಗಳೂರಿನ ಬಜ್ಪೆಯಿಂದ ದುಬೈಗೆ ಆಕಾಶಮಾರ್ಗದ ನೇರ ಅಂತರ ಸುಮಾರು 2,460 ಕಿಲೋಮೀಟರ್. ದೆಹಲಿಗೆ ಸುಮಾರು 1,750. ರಾಜಧಾನಿಗಿಂತ ಏಳುನೂರು ಕಿಲೋಮೀಟರ್ ಮಾತ್ರ ಹೆಚ್ಚು ದೂರದ ದುಬೈಯನ್ನು ವಿಮಾನವು ಮೂರೂವರೆ ತಾಸಿನ ಆಸುಪಾಸಿನಲ್ಲಿ ತಲುಪುತ್ತದೆ. ಅಲ್ಲಿನ ಗಡಿಯಾರ ಒಂದೂವರೆ ತಾಸು ಹಿಂದಿರುವುದರಿಂದ ಬೆಳಿಗ್ಗೆ 8 ಗಂಟೆಗೆ ಹೊರಟವರು ಅಲ್ಲಿನ 10 ಗಂಟೆಯ ವೇಳೆಗೆ ಇಳಿಯುತ್ತಾರೆ. ಮರಳುವಾಗ ಅದೇ ಒಂದೂವರೆ ತಾಸು ಖರ್ಚಿನ ಬದಿಗೆ ಸೇರುತ್ತದೆ.

2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಆರಂಭವಾದಾಗ ಪ್ರಯಾಣಿಕರ ದೂರ ನಿಜಕ್ಕೂ ಕುಗ್ಗಿತು. ಸರಕಿನ ದೂರ ಅದೇ ಪ್ರಮಾಣದಲ್ಲಿ ಕುಗ್ಗಿತೇ ಎಂಬುದು ವರ್ತಕರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಬಜ್ಪೆಯ ರನ್‌ವೇ 2,450 ಮೀಟರ್ ಉದ್ದದ್ದು; ಗುಡ್ಡದ ನೆತ್ತಿಯ ಮೇಲಿರುವಂಥದು. ಇಲ್ಲಿಂದ ಕೊಲ್ಲಿಗೆ ಹಾರುವುದು ಬೋಯಿಂಗ್ 737ರಂತಹ ಸಣ್ಣ ಒಡಲಿನ ವಿಮಾನಗಳು. ಪ್ರಯಾಣಿಕರ ಪೆಟ್ಟಿಗೆಗಳು ತುಂಬಿದ ಬಳಿಕ ಉಳಿದ ಜಾಗವಷ್ಟೇ ಸರಕಿಗೆ. ಅಲ್ಲಿ ಸ್ಥಳ ದೊರೆಯದ ಮೀನು, ತರಕಾರಿ, ಶಂಕರಪುರದ ಮಲ್ಲಿಗೆಯ ಅಟ್ಟೆಗಳು ಬೆಂಗಳೂರಿನ ದಾರಿ ಹಿಡಿಯಬೇಕಾಗುತ್ತದೆ. ಪಶ್ಚಿಮಕ್ಕೆ ಹೋಗಬೇಕಾದ ಸರಕು ಮೊದಲು ಪೂರ್ವಕ್ಕೆ ಸುಮಾರು 350 ಕಿಲೋಮೀಟರ್ ಘಾಟಿ ಹತ್ತಿ, ಅನಂತರ ಸುಮಾರು 2,700 ಕಿಲೋಮೀಟರ್ ಹಾರುತ್ತದೆ. ರಸ್ತೆಯಲ್ಲೇ ಒಂದು ರಾತ್ರಿ ಕಳೆಯುತ್ತದೆ. ವಿಮಾನವಾದರೋ ಅದರ ಅರ್ಧ ಸಮಯದಲ್ಲಿ ಸಮುದ್ರವನ್ನೇ ದಾಟುತ್ತದೆ. 2018 ಮತ್ತು 2024ರ ಮಳೆಗಾಲಗಳಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತುದನ್ನು ಯಾರೂ ಮರೆತಿಲ್ಲ.

ಬೆಂಗಳೂರಿನಲ್ಲಿ ವಿಮಾನ ಸಂಸ್ಥೆಗಳು ಹೆಚ್ಚು, ಪೈಪೋಟಿಯಿಂದ ಕಿಲೋವಿನ ದರ ಅಗ್ಗವಾಗಬಹುದು ಎಂಬ ವಾದವಿದೆ. ಅದು ಅರ್ಧ ಲೆಕ್ಕ. ಲಾರಿ ಬಾಡಿಗೆ, ಮಂಜುಗಡ್ಡೆ, ಬಾಡಿದ ಮಾಲಿನ ನಷ್ಟ, ತಡವಾದ ಹಣದ ಮೇಲಿನ ಬಡ್ಡಿ ಇವನ್ನು ಕೂಡಿಸಿದಾಗಲೇ ನಿಜವಾದ ದರ ತಿಳಿಯುತ್ತದೆ. 2022ರ ಮೇ 1ರಂದು ಜಾರಿಗೆ ಬಂದ ಭಾರತ–ಯುಎಇ ಒಪ್ಪಂದವು ಸುಂಕದಲ್ಲಿ ನೀಡಿದ ಲಾಭವನ್ನು ಘಾಟಿಯ ದಾರಿಯಲ್ಲಿ ಸುರಿದುಬಿಡುವುದು ಜಾಣತನವಲ್ಲ.

ರನ್‌ವೇ ವಿಸ್ತರಣೆಯ ಬೇಡಿಕೆ ನ್ಯಾಯವಾದುದೇ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇಲ್ಲಿ ರನ್‌ವೇ ಮೀರಿ ಉರುಳಿ 158 ಜೀವಗಳು ಹೋದ ಮೇಲೆ ಅದು ಕೇವಲ ವ್ಯಾಪಾರದ ಮಾತಾಗಿ ಉಳಿದಿಲ್ಲ. ಆದರೆ ಭೂಸ್ವಾಧೀನ ಮುಗಿಯುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಚಿಲ್ಲರೆ ಪೊಟ್ಟಣಗಳನ್ನು ಒಬ್ಬೊಬ್ಬರಾಗಿ ಹೊತ್ತೊಯ್ದರೆ ಯಾವ ವಿಮಾನ ಸಂಸ್ಥೆಯೂ ಜಾಗ ಕಾದಿರಿಸದು. ಸಣ್ಣ ರಫ್ತುದಾರರು ಒಟ್ಟುಗೂಡಿ, ಪ್ರತಿ ವಾರ ಇಂತಿಷ್ಟು ತೂಕ ಖಚಿತವೆಂದು ಲಿಖಿತವಾಗಿ ಒಪ್ಪಿಕೊಂಡರೆ ಜಾಗ, ದರ, ಸುಂಕ ತಪಾಸಣೆಯ ವೇಳೆ ಮೂರನ್ನೂ ಚರ್ಚಿಸುವ ಬಲ ಬರುತ್ತದೆ. ಆ ಒಗ್ಗೂಡುವಿಕೆಗೆ ವಾಣಿಜ್ಯ ಸಂಸ್ಥೆಗಿಂತ ಸೂಕ್ತ ವೇದಿಕೆ ಬೇರೊಂದಿಲ್ಲ.

ಭೂಪಟದಲ್ಲಿ ದುಬೈ ಮಂಗಳೂರಿಗೆ ಹತ್ತಿರವಿದೆ. ವರ್ತಕರ ಲೆಕ್ಕಪುಸ್ತಕದಲ್ಲಿಯೂ ಅದು ಹತ್ತಿರವಾಗುವುದು ಅವರ ಕೈಯಲ್ಲೇ ಇದೆ.