ಅಟ್ರಾಸಿಟಿ ಅಂದ್ರೇನು?



ದೊಡ್ಡಬೆಳವಂಗಲದ ನಮ್ಮ ಹುಡುಗರು ದಿನಕ್ಕೆ ಹತ್ತು ಇಂಗ್ಲಿಷ್ ಪದ ಉರು ಹೊಡೀತಿದ್ದಾರೆ. ಹೊಡೀಲಿ. ಆದರೆ ಯಾವ ಪದ? ಗೈಡಿನ ಅಲಂಕಾರದ ಪದಗಳು ಪರೀಕ್ಷೆ ಮುಗಿದ ಸಂಜೆಗೇ ಮರೆತುಹೋಗುತ್ತವೆ. ನಮಗೂ ಹೋಗಿವೆ.

'ಅನೈಹಿಲೇಷನ್' ತಗೊಳ್ಳಿ. 1936ರಲ್ಲಿ ಲಾಹೋರಿನ ಜಾತಿ ಸುಧಾರಕರು ಬಾಬಾಸಾಹೇಬರನ್ನು ಅಧ್ಯಕ್ಷತೆಗೆ ಕರೆದು, ಅವರು ಬರೆದ ಭಾಷಣ ನೋಡಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿದರು. ಬಾಬಾಸಾಹೇಬರು ಸ್ವಂತ ಖರ್ಚಿನಲ್ಲಿ ಅದನ್ನು ಅಚ್ಚು ಹಾಕಿಸಿದರು. ಹೆಸರಿನಲ್ಲಿ ಸುಧಾರಣೆ ಇಲ್ಲ, ಅನೈಹಿಲೇಷನ್ ಇದೆ. ಲ್ಯಾಟಿನ್ನಿನ 'ನಿಹಿಲ್' ಅಂದರೆ ಏನೂ ಇಲ್ಲ. ಜಾತಿಯನ್ನು ಹೇಳಹೆಸರಿಲ್ಲದಂತೆ ಮಾಡೋದು. ಬೇರು ಗೊತ್ತಾದರೆ ಉರು ಬೇಕಿಲ್ಲ.

ಇನ್ನು 'ಅಟ್ರಾಸಿಟಿ'. 1989ರ ಕಾಯ್ದೆಯ ಹೆಸರಲ್ಲೇ ಇರುವ ಪದ. ಅರ್ಥ ದೌರ್ಜನ್ಯ, ಕ್ರೌರ್ಯ. ಅಂದರೆ ಹೊಡೆದವನು ಮಾಡಿದ ಕೆಲಸ. ಊರ ಬಾಯಲ್ಲಿ ಏನಾಗಿದೆ ನೋಡಿ: 'ಅವ್ನು ಅಟ್ರಾಸಿಟಿ ಹಾಕ್ದ' ಅಂತಾರೆ. ಹೊಡೆದವನ ಕ್ರೌರ್ಯ ಹೊಡೆಸಿಕೊಂಡವನ ದೂರಿನ ಹೆಸರಾಗಿಬಿಟ್ಟಿದೆ! ನಾವೂ ಹಾಗೇ ಆಡ್ತೀವಿ, ನಾಚಿಕೆಗೇಡು.

ಇದೇ ದೊಡ್ಡಬಳ್ಳಾಪುರದ ನೇಕಾರರ ಮನೆಯ ಡಿ.ಆರ್. ನಾಗರಾಜ್ 1993ರಲ್ಲಿ ದಲಿತ ಚಳವಳಿ ಕುರಿತು ಇಂಗ್ಲಿಷಿನಲ್ಲೇ 'ದಿ ಫ್ಲೇಮಿಂಗ್ ಫೀಟ್' ಬರೆದರು. ಭಾನುವಾರ ಅದನ್ನೇ ಜೋರಾಗಿ ಓದೋಣ. ಡಿಕ್ಷನರಿ ನಾವು ತರ್ತೀವಿ.